ಎಳೆಯರಿಗೆ ಬರವಣಿಗೆ ಕಲಿಸುವ ಬಗೆ

ಬರವಣಿಗೆ ಎಂಬ ಒಂದೇ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. "ಈ ಹುಡುಗಿಯ ಬರವಣಿಗೆ ದುಂಡಾಗಿದೆ" ಎಂದಾಗ ನಾವು ನೋಡುತ್ತಿರುವುದು ಅಕ್ಷರದ ಅಂದವನ್ನು. "ಆ ಲೇಖಕರ ಬರವಣಿಗೆ ಸೊಗಸಾಗಿದೆ" ಎಂದಾಗ ಅವರ ಅಕ್ಷರ ಕಾಗೆಕಾಲು ಗುಬ್ಬಿಕಾಲಿನಂತಿದ್ದರೂ ಚಿಂತೆಯಿಲ್ಲ. ಅವರು ಹೇಳುವ ವಿಷಯವನ್ನೂ ಹೇಳುವ ರೀತಿಯನ್ನೂ ನಾವು ಮೆಚ್ಚುತ್ತಿರುತ್ತೇವೆ. ಮೊದಲನೆಯದು ಕೈಯ ಕೆಲಸ, ಎರಡನೆಯದು ಮನಸ್ಸಿನ ಕೆಲಸ. ಪ್ರಾಥಮಿಕ ಶಾಲೆಯಲ್ಲಿ ಬರವಣಿಗೆ ಕಲಿಸುವುದೆಂದರೆ ಈ ಎರಡನ್ನೂ ಕಲಿಸುವುದು. ಆದರೆ ಮೊದಲು ಕೈ ತಿದ್ದಲಿ, ಮನಸ್ಸಿನ ವಿಚಾರವನ್ನು ಆಮೇಲೆ ನೋಡಿಕೊಳ್ಳೋಣ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿರುವ ರೂಢಿ. ಈ 'ಆಮೇಲೆ' ಎಂಬುದು ಎಷ್ಟೋ ಮಕ್ಕಳ ಪಾಲಿಗೆ ಬರುವುದೇ ಇಲ್ಲ.

ಎಂಟನೆಯ ತರಗತಿಗೆ ಬಂದು ಸೇರುವ ಮಕ್ಕಳನ್ನು ವರ್ಷ ವರ್ಷವೂ ನೋಡುವ ಪ್ರೌಢಶಾಲೆಯ ಕನ್ನಡ ಪಂಡಿತರಿಗೆಲ್ಲ ಇದರ ಅನುಭವ ಉಂಟು. ಹಲಗೆಯ ಮೇಲೆ ಬರೆದದ್ದನ್ನು ಈ ಮಕ್ಕಳು ಮುತ್ತು ಪೋಣಿಸಿದಂತೆ ಬರೆದುಕೊಳ್ಳುತ್ತಾರೆ. ಪಾಠದ ಪ್ರಶ್ನೆಗೆ ಉತ್ತರವನ್ನು ಚಾಚೂ ತಪ್ಪದೆ ಬರೆಯುತ್ತಾರೆ. "ನಿನ್ನೆ ಸಂಜೆ ನಿನ್ನ ಮನೆಯಲ್ಲಿ ನಡೆದದ್ದನ್ನು ನಾಲ್ಕು ಸಾಲು ಬರೆ" ಎಂದರೆ ಮಾತ್ರ ಪೆನ್ನು ಬಾಯಿಗೆ ಹೋಗುತ್ತದೆ, ಕಣ್ಣು ಪಕ್ಕದವನ ಪುಸ್ತಕಕ್ಕೆ ಹೋಗುತ್ತದೆ. ಏಳು ವರ್ಷ ಬರೆದೂ ಬರೆಯಲು ಬಾರದ ಈ ಸ್ಥಿತಿ ಹೇಗೆ ಉಂಟಾಗುತ್ತದೆ, ಇದನ್ನು ಮೊದಲನೆಯ ತರಗತಿಯಿಂದಲೇ ತಪ್ಪಿಸುವ ಬಗೆ ಯಾವುದು, ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಕೈಯ ಕೆಲಸವನ್ನೇ ತೆಗೆದುಕೊಳ್ಳೋಣ. ನಮ್ಮ ಹಿರಿಯರ ಕಾಲದ ಕೂಲಿಮಠಗಳಲ್ಲಿ ಐಗಳು ಮಕ್ಕಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿ, ಮುಂದೆ ಮರಳು ಹರವಿ, ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮರಳಿನಲ್ಲಿ ಕೈ ಕುದುರಿದ ಮೇಲೆ ಹಲಗೆ ಬಳಪ, ಅನಂತರ ಕಡತ. ಈ ಪದ್ಧತಿಯನ್ನು ಹಳೆಯ ಕಾಲದ ಬಡತನವೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ನೆನೆಯಬೇಕು. 1789ರಲ್ಲಿ ಮದರಾಸಿನ ಅನಾಥ ಬಾಲಕರ ಆಶ್ರಮದ ಮೇಲ್ವಿಚಾರಣೆಗೆ ಬಂದ ಆಂಡ್ರೂ ಬೆಲ್ ಎಂಬ ಪಾದ್ರಿ, ನಾಡಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನೇ ಬಳಕೆಗೆ ತಂದ. ಸ್ವದೇಶಕ್ಕೆ ಮರಳಿದ ಮೇಲೆ 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗದ ವರದಿಯನ್ನು ಅಚ್ಚು ಹಾಕಿಸಿದ. ಮುಂದೆ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ 'ಮದರಾಸು ಪದ್ಧತಿ' ಎಂದೇ ಅದು ಪ್ರಸಿದ್ಧವಾಯಿತು.

ಮರಳಿನ ಗುಣವೇನು? ಅಲ್ಲಿ ಬರೆಯುವುದು ಬೆರಳು ಮಾತ್ರವಲ್ಲ; ಮಣಿಕಟ್ಟು, ಮೊಳಕೈ, ತೋಳು ಎಲ್ಲವೂ ಸೇರಿ ಬರೆಯುತ್ತವೆ. ಅಕ್ಷರ ದೊಡ್ಡದಾಗಿ ಮೂಡುತ್ತದೆ. ತಪ್ಪಿದರೆ ಅಂಗೈಯಿಂದ ಒಮ್ಮೆ ಸವರಿದರಾಯಿತು, ತಪ್ಪಿನ ಗುರುತೇ ಉಳಿಯುವುದಿಲ್ಲ. ಐದಾರು ವರ್ಷದ ಮಗುವಿನ ಬೆರಳುಗಳ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಅಂಥ ಕೈಗೆ ಸಣ್ಣ ಪೆನ್ಸಿಲನ್ನು ಕೊಟ್ಟು ನಾಲ್ಕು ಗೆರೆಯ ಇಕ್ಕಟ್ಟಿನಲ್ಲಿ ಪುಟಗಟ್ಟಲೆ ಬರೆಸಿದರೆ, ಪೆನ್ಸಿಲನ್ನು ಹಿಡಿ ಬಿಗಿದು ಹಿಡಿಯುವ ಅಭ್ಯಾಸ ನಿಂತುಬಿಡುತ್ತದೆ. ಅಕ್ಷರ ಕೆಡುವುದಕ್ಕೆ ಮುಖ್ಯ ಕಾರಣ ಇದೇ.

ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ತಮ್ಮ ಕೆಟ್ಟ ಕೈಬರಹಕ್ಕಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಅಲ್ಲಿನ ವಕೀಲರ ಸುಂದರವಾದ ಅಕ್ಷರಗಳನ್ನು ನೋಡಿ ಅವರಿಗೆ ನಾಚಿಕೆಯಾಯಿತಂತೆ. ಅಕ್ಷರ ಬರೆಯಿಸುವ ಮೊದಲು ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಬೇಕು, ಹೂವನ್ನೂ ಹಕ್ಕಿಯನ್ನೂ ಗಮನಿಸುವಂತೆಯೇ ಮಗು ಅಕ್ಷರವನ್ನೂ ಗಮನಿಸಿ ಕಲಿಯಬೇಕು ಎಂಬುದು ಅವರ ಅಭಿಪ್ರಾಯ. ಕನ್ನಡದ ಮಟ್ಟಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನಮ್ಮ ಲಿಪಿ ಬಹುಮಟ್ಟಿಗೆ ದುಂಡು ಗೆರೆಗಳ ಲಿಪಿ. ಸೊನ್ನೆ, ಅರ್ಧಚಂದ್ರ, ಬಳ್ಳಿ, ಸುರುಳಿ, ಕುದುರೆ ಲಾಳ, ಕೊಕ್ಕೆ ಇವಿಷ್ಟನ್ನು ನೆಲದ ಮೇಲೂ ಹಲಗೆಯ ಮೇಲೂ ಒಂದು ತಿಂಗಳು ಆಟದಂತೆ ಬರೆಸಿದರೆ ಅರ್ಧ ವರ್ಣಮಾಲೆ ಕೈಗೆ ಬಂದಂತೆಯೇ ಸರಿ. ಮನೆಯ ಮುಂದೆ ರಂಗೋಲಿ ಹಾಕುವ ತಾಯಿಯ ಪಕ್ಕದಲ್ಲಿ ಕುಳಿತು ಚುಕ್ಕಿ ಸುತ್ತ ಗೆರೆ ಎಳೆದು ಕಲಿತ ಮಗುವಿನ ಅಕ್ಷರ ತಾನಾಗಿಯೇ ದುಂಡಗಿರುವುದನ್ನು ಅನೇಕರು ಗಮನಿಸಿರಬಹುದು.

ಇನ್ನು ಅಕ್ಷರಗಳನ್ನು ಕಲಿಸುವ ಕ್ರಮ. ನಮ್ಮ ವರ್ಣಮಾಲೆಯ ಜೋಡಣೆ ಉಚ್ಚಾರಣೆಯ ಸ್ಥಾನವನ್ನು ಅನುಸರಿಸಿದ್ದು. ಕಂಠದಿಂದ ತುಟಿಯವರೆಗೆ ವರ್ಗಗಳು ಸಾಲಾಗಿ ನಿಂತಿವೆ. ಬಾಯಿಪಾಠಕ್ಕೆ ಇದಕ್ಕಿಂತ ಶಾಸ್ತ್ರೀಯವಾದ ಕ್ರಮ ಬೇರೆ ಬೇಡ. ಆದರೆ ನಾಲಗೆಗೆ ಸುಲಭವಾದದ್ದು ಕೈಗೂ ಸುಲಭವಾಗಿರಬೇಕೆಂಬ ನಿಯಮವಿಲ್ಲ. 'ಅ' ಬರೆಯುವುದೇ ಮಗುವಿಗೊಂದು ಸಾಹಸ. ಅದಾದ ಕೂಡಲೇ 'ಇ', 'ಈ' ಬಂದು ನಿಲ್ಲುತ್ತವೆ. ಆದುದರಿಂದಲೇ ಆಕಾರ ಸಾಮ್ಯವನ್ನು ನೋಡಿ ಅಕ್ಷರಗಳನ್ನು ಗುಂಪು ಮಾಡಿ ಕಲಿಸುವ ಕ್ರಮ ಬಂದಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಾಡಿನ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು 'ರ, ಗ, ಸ, ದ, ಅ' ಎಂದು ಆರಂಭಿಸಿದ್ದನ್ನು ಬಹಳ ಜನ ತಂದೆತಾಯಿಗಳು ಬೆರಗಾಗಿ ನೋಡಿದರು. ಕೈಯ ದೃಷ್ಟಿಯಿಂದ ಅದು ಯುಕ್ತವಾದ ಕ್ರಮವೇ. 'ರ' ಬಂದರೆ ಒಳಗೊಂದು ಚುಕ್ಕೆಯಿಟ್ಟು 'ಠ' ಆಗುತ್ತದೆ. 'ಪ' ಬಂದರೆ ಅದರ ಹೊಟ್ಟೆಯೊಳಗೊಂದು ಗೆರೆಯಿಂದ 'ಷ' ಆಗುತ್ತದೆ. ಒಂದರಿಂದ ಒಂದು ಹುಟ್ಟುವುದನ್ನು ಕಂಡ ಮಗುವಿಗೆ ಅಕ್ಷರಗಳು ಒಂದು ಮನೆತನದವರಂತೆ ಪರಿಚಿತವಾಗುತ್ತವೆ.

ಗುಣಿತದ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು. ನಮ್ಮಲ್ಲಿ ವ್ಯಂಜನಗಳು 34. ಒಂದೊಂದಕ್ಕೂ ಅನುಸ್ವಾರ ವಿಸರ್ಗಗಳು ಸೇರಿ 15 ರೂಪಗಳು. ಗುಣಿಸಿದರೆ 510. ಈ 510ನ್ನೂ ಸಾಲುಸಾಲಾಗಿ ಬರೆಸಿ ಮುಗಿಸಿದ ಹೊರತು ಮುಂದಕ್ಕೆ ಹೋಗಬಾರದೆಂದು ಹಠ ಹಿಡಿದರೆ ಮಗುವಿನ ಒಂದು ವರ್ಷವೇ ಕಳೆಯುತ್ತದೆ. ವಾಸ್ತವವಾಗಿ ಅಲ್ಲಿ ಕಲಿಯಬೇಕಾದ ಹೊಸ ಗುರುತುಗಳು ಹನ್ನೊಂದೇ. 'ಕಿ'ಗೆ ದೀರ್ಘ ಕೊಟ್ಟರೆ 'ಕೀ', 'ಕೆ'ಗೆ ಅದೇ ದೀರ್ಘ ಕೊಟ್ಟರೆ 'ಕೇ', 'ಕೊ'ಗೆ ಅದೇ ದೀರ್ಘ ಕೊಟ್ಟರೆ 'ಕೋ'. ಆ 'ಕೊ' ಎಂಬುದಾದರೂ 'ಕೆ'ಯ ಏತ್ವಕ್ಕೆ 'ಕೂ'ವಿನ ಕೊಂಬು ಸೇರಿ ಆದದ್ದು. ಈ ಗುಟ್ಟನ್ನು ತೋರಿಸಿಕೊಟ್ಟರೆ ಮಗು ತಾನೇ ಕೂಡಿಸಿ ಬರೆಯುತ್ತದೆ. ಎಲ್ಲಿ ಸಾಮಾನ್ಯ ನಿಯಮ ತಪ್ಪುತ್ತದೆಯೋ ಅಲ್ಲಿ ಮಾತ್ರ ನಿಂತು ಹೇಳಬೇಕು. 'ವ'ಕ್ಕೆ ಇತರ ಅಕ್ಷರಗಳಿಗೆ ಕೊಡುವಂತೆ ಪಕ್ಕದಲ್ಲಿ ಕೊಂಬು ಕೊಟ್ಟರೆ ಅದು 'ಮ' ಆಗಿಬಿಡುತ್ತದೆ. ಅದಕ್ಕಾಗಿಯೇ 'ವು' ಬರೆಯುವಾಗ ಕೊಂಬನ್ನು ಕೆಳಕ್ಕೆ ಇಳಿಸುತ್ತೇವೆ. ಕಾರಣ ತಿಳಿದ ಮಗು ಇದನ್ನು ಮರೆಯುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೈಯ ಮಾತು. ಇನ್ನು ಮನಸ್ಸಿನ ಮಾತಿಗೆ ಬರೋಣ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಆಕಾರ ಸುಲಭವಾದ ಅಕ್ಷರಗಳಿಂದ ಆರಂಭಿಸಿದರೆ ಮಗು ಮೊದಲು ಬರೆಯುವ ಪದಗಳು ಯಾವುವು? ಅರಸ, ಅಗಸ, ಗರಗಸ, ಸರ, ದರ. ಅರಸನನ್ನು ಇಂದಿನ ಮಗು ಕಂಡಿಲ್ಲ. ಗರಗಸವನ್ನು ಬಡಗಿಯ ಮನೆಯ ಮಗು ಬಲ್ಲುದು. ಹಾಗಾದರೆ ಮಗುವಿಗೆ ಬೇಕಾದ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಮನೆಯವರಲ್ಲಿ ತಂಗಿ, ಮಾವ ಇಂಥ ಒಬ್ಬಿಬ್ಬರನ್ನು ಬಿಟ್ಟರೆ ಒತ್ತಕ್ಷರವಿಲ್ಲದ ನೆಂಟರೇ ಇಲ್ಲ! ಅಡಿಗೆಮನೆಗೆ ಹೋದರೆ ಅನ್ನ, ಮುದ್ದೆ, ರೊಟ್ಟಿ, ಬೆಲ್ಲ, ಬೆಣ್ಣೆ, ತುಪ್ಪ, ಮಜ್ಜಿಗೆ, ಉಪ್ಪು. ಕೊಟ್ಟಿಗೆಗೆ ಹೋದರೆ ಎತ್ತು, ಎಮ್ಮೆ. ಅಂಗಳದಲ್ಲಿ ಬೆಕ್ಕು, ಗುಬ್ಬಿ. ಒತ್ತಕ್ಷರ ಕಠಿಣ, ಅದು ಗುಣಿತವೆಲ್ಲ ಮುಗಿದ ಮೇಲೆ ಬರತಕ್ಕದ್ದು ಎಂದು ನಾವು ಮುಂದಕ್ಕೆ ಹಾಕುತ್ತೇವೆ. ಇದರ ಅರ್ಥ, ಶಾಲೆಗೆ ಸೇರಿ ಬಹುಕಾಲದವರೆಗೆ ಮಗು ತನ್ನ ತಾಯಿಯನ್ನು ತಾನು ಕರೆಯುವ ಹೆಸರಿನಿಂದ ಬರೆಯಲಾರದು. ಬರವಣಿಗೆಗೂ ತನ್ನ ಬಾಳಿಗೂ ಏನೂ ಸಂಬಂಧವಿಲ್ಲವೆಂಬ ಮೊದಲನೆಯ ಪಾಠವನ್ನು ಮಗು ಕಲಿಯುವುದು ಇಲ್ಲಿಯೇ.

ಮೇಲೆ ಹೇಳಿದ ಪದಗಳಲ್ಲಿ ಬಂದಿರುವುದೆಲ್ಲ ಸಜಾತೀಯ ಒತ್ತಕ್ಷರ ಎಂಬುದನ್ನು ವಾಚಕರು ಗಮನಿಸಬೇಕು. ಮೇಲಿನ ಅಕ್ಷರ ಯಾವುದೋ ಕೆಳಗಿನದೂ ಅದೇ. ಹೆಚ್ಚಿನ ಒತ್ತುಗಳು ಮೂಲಾಕ್ಷರದ ತಲೆಕಟ್ಟು ಕಳೆದ ಚಿಕ್ಕ ರೂಪಗಳು. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮಾತ್ರ ಬೇರೆ ರೂಪ ತಾಳುತ್ತವೆ. ಇಷ್ಟನ್ನು ಮೊದಲನೆಯ ತರಗತಿಯಲ್ಲಿಯೇ, ವ್ಯಾಕರಣದ ಹೆಸರೆತ್ತದೆ, ಅಮ್ಮ ಅಪ್ಪ ಎಂಬ ಪದಗಳ ಮೂಲಕವೇ ತೋರಿಸಿಬಿಡಬಹುದು. ಸ್ತ್ರೀ, ಲಕ್ಷ್ಮಿ, ರಾಷ್ಟ್ರ ಮುಂತಾದ ವಿಜಾತೀಯಗಳು ನಿಧಾನವಾಗಿ ಬರಲಿ. ಉಚ್ಚಾರದಲ್ಲಿ ಮೊದಲು ಬಂದು ಬರಹದಲ್ಲಿ ಹಿಂದಕ್ಕೆ ಸರಿಯುವ ಅರ್ಕಾವತ್ತೂ ಕಾಯಲಿ. ಹತ್ತು ಮಹಾಪ್ರಾಣಗಳಿಗೂ ಅವಸರವಿಲ್ಲ. ಮನೆಮಾತಿನ ಪದಗಳಲ್ಲಿ ಅವುಗಳ ಬಳಕೆ ಬಹಳ ಕಡಮೆ.

ಹೀಗೆ ದಾರಿ ಮಾಡಿಕೊಟ್ಟರೆ ಮೊದಲನೆಯ ವರ್ಷದಲ್ಲಿಯೇ ಮಗು ತನ್ನ ಸ್ವಂತ ವಾಕ್ಯವನ್ನು ಬರೆಯಬಹುದು. ಅದರ ಕ್ರಮ ಹೀಗೆ. ದಿನಕ್ಕೆ ಇಬ್ಬರು ಮೂವರು ಮಕ್ಕಳನ್ನು ಉಪಾಧ್ಯಾಯರು ಹತ್ತಿರ ಕರೆದು "ಏನು ಸಮಾಚಾರ?" ಎಂದು ಕೇಳಬೇಕು. ಮಗು, "ನಮ್ಮ ಎಮ್ಮೆ ಕರು ಹಾಕಿತು" ಎನ್ನುತ್ತದೆ. ಆ ವಾಕ್ಯವನ್ನು ಮಗು ನೋಡುತ್ತಿರುವಂತೆಯೇ ದೊಡ್ಡದಾಗಿ ಬರೆಯಬೇಕು. ಮಗು ಅದನ್ನು ಓದಬೇಕು. ತಾನು ಆಡಿದ ಮಾತಾದುದರಿಂದ ಓದುವುದು ಕಷ್ಟವಾಗದು. ಅನಂತರ ಅದರ ಮೇಲೆ ಬೆರಳಾಡಿಸಿ, ನೋಡಿ ಬರೆದು, ಕೊನೆಗೆ ಮುಚ್ಚಿಟ್ಟು ಬರೆಯಬೇಕು. ಪಕ್ಕದಲ್ಲಿ ಎಮ್ಮೆಯ ಚಿತ್ರ. ವಾರಕ್ಕೊಂದು ಇಂಥ ವಾಕ್ಯವಾದರೂ ವರ್ಷದ ಕೊನೆಗೆ ಮಗುವಿನ ಕೈಯಲ್ಲಿ ತನ್ನದೇ ಆದ ಒಂದು ಪುಸ್ತಕವಿರುತ್ತದೆ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಪಾಠ ಹೇಳಿದ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಉಪಾಧ್ಯಾಯಿನಿ ಮಕ್ಕಳಿಂದಲೇ ಅವರ ಪ್ರೀತಿಯ ಮತ್ತು ಭಯದ ಪದಗಳನ್ನು ಕೇಳಿ ಬರೆದುಕೊಟ್ಟು, ಓದು ಬರಹಗಳನ್ನು ಅಲ್ಲಿಂದಲೇ ಆರಂಭಿಸಿದರು. 1963ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಈ ಅನುಭವವೆಲ್ಲ ಇದೆ. ಇಂಗ್ಲಿಷಿನಂಥ ಭಾಷೆಯಲ್ಲಿ ಉಚ್ಚಾರಕ್ಕೂ ಕಾಗುಣಿತಕ್ಕೂ ನಂಟು ಸಡಿಲ. ಅಲ್ಲಿಯೇ ಇದು ಸಾಧ್ಯವಾದರೆ, ಬಹುಮಟ್ಟಿಗೆ ಆಡಿದಂತೆ ಬರೆಯುವ ಕನ್ನಡದಲ್ಲಿ ಏಕೆ ಸಾಧ್ಯವಾಗಬಾರದು?

ಆಡಿದಂತೆ ಎಂದ ಕೂಡಲೇ ಒಂದು ಆಕ್ಷೇಪ ಬರುತ್ತದೆ: ಮಗು ಆಡುವುದು ಗ್ರಂಥಭಾಷೆಯಲ್ಲವಲ್ಲ! ಮೈಸೂರಿನ ಕಡೆಯ ಮಗು "ಹೋಯ್ತೀನಿ" ಎಂದೀತು, ಧಾರವಾಡದ್ದು "ಹೊಂಟೀನಿ" ಎಂದೀತು. ತುಳು, ಕೊಡವ, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿಗೆ ಕನ್ನಡವೇ ಹೊಸದು. ಮೊದಲ ಎರಡು ವರ್ಷ ಮಗು ತನ್ನ ಮಾತಿನಲ್ಲಿಯೇ ಬರೆಯಲಿ. ಅದರ ಕೆಳಗೆ ಉಪಾಧ್ಯಾಯರು "ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ" ಎಂದು ಶಿಷ್ಟರೂಪವನ್ನು ಬರೆದು ತೋರಿಸಲಿ. ಎರಡೂ ಕಣ್ಣಿಗೆ ಬೀಳುತ್ತಿದ್ದರೆ ಮೂರನೆಯ ತರಗತಿಯ ಹೊತ್ತಿಗೆ ಮಗು ತಾನೇ ದಾಟಿಕೊಳ್ಳುತ್ತದೆ. ಮನೆಯ ಮಾತನ್ನು ತಪ್ಪೆಂದು ಹೊಡೆದುಹಾಕಿದರೆ ಮಗು ಶುದ್ಧವಾಗಿ ಬರೆಯುವುದನ್ನು ಕಲಿಯುವುದಿಲ್ಲ, ಬರೆಯದೆ ಇರುವುದನ್ನು ಕಲಿಯುತ್ತದೆ.

ತಿದ್ದುವ ವಿಷಯವೂ ಇಷ್ಟೇ ಸೂಕ್ಷ್ಮ. ಮಗುವಿನ ತಪ್ಪುಗಳೆಲ್ಲ ಒಂದೇ ಜಾತಿಯವಲ್ಲ. 'ಹಾಲು' ಎನ್ನುವಲ್ಲಿ 'ಆಲು' ಎಂದು ಬರೆದರೆ ಅದು ಕಿವಿಯ ತಪ್ಪು. ಮೊದಲು ಉಚ್ಚಾರವನ್ನು ತಿದ್ದಬೇಕು. 'ಮ'ಕ್ಕೆ ಬದಲು 'ವ' ಬರೆದರೆ ಅದು ಕಣ್ಣಿನದೋ ಕೈಯದೋ ತಪ್ಪು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ಒತ್ತು ಬಿಟ್ಟಿದ್ದರೆ ಬರೆದದ್ದನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಬೇಕು. 'ಅಕ' ಎಂದು ಓದಿ ತಾನೇ ನಕ್ಕು ತಿದ್ದಿಕೊಳ್ಳುತ್ತದೆ. ಒಂದು ಬರಹದಲ್ಲಿ ಒಂದು ಬಗೆಯ ತಪ್ಪನ್ನು ಮಾತ್ರ ಹಿಡಿದು ತಿದ್ದಿದರೆ ಸಾಕು. ಪುಟವೆಲ್ಲ ಕೆಂಪು ಶಾಯಿಯಾದರೆ ಮಗು ಮುಂದಿನ ಸಲ ತನಗೆ ಚೆನ್ನಾಗಿ ಗೊತ್ತಿರುವ ನಾಲ್ಕು ಪದಗಳಲ್ಲಿಯೇ ಬರಹವನ್ನು ಮುಗಿಸುವ ಜಾಣತನವನ್ನು ಕಲಿಯುತ್ತದೆ. ಮೊದಲು, ಬರೆದ ವಿಷಯಕ್ಕೆ ಉತ್ತರ ಕೊಡಬೇಕು: "ಕರು ಹೆಣ್ಣೋ ಗಂಡೋ? ಏನು ಹೆಸರಿಟ್ಟಿರಿ?" ಎಂದು ಕೇಳಬೇಕು. ತಾನು ಬರೆದದ್ದನ್ನು ಒಬ್ಬರು ಓದಿದರು ಎಂಬ ಸಂತೋಷಕ್ಕೆ ಸಮನಾದ ಪ್ರೋತ್ಸಾಹ ಬೇರೊಂದಿಲ್ಲ.

ಹಾಗಾದರೆ ಕಾಪಿ ಬರೆಯುವುದು, ಉಕ್ತಲೇಖನ ಇವು ಬೇಡವೇ? ಖಂಡಿತವಾಗಿಯೂ ಬೇಕು. ಆದರೆ ಅವು ಅಂಗಸಾಧನೆಯಂತೆ. ದಿನಕ್ಕೆ ಐದಾರು ಸಾಲು ಶ್ರದ್ಧೆಯಿಂದ ಬರೆದ ಕಾಪಿ, ಕೈನೋವಿನಲ್ಲಿ ಮುಗಿಸಿದ ಮೂರು ಪುಟಗಳಿಗಿಂತ ಮೇಲು. ಉಕ್ತಲೇಖನದ ವಾಕ್ಯಗಳನ್ನು ಹಿಂದಿನ ದಿನವೇ ತಿಳಿಸಿ, ಓದಿಕೊಂಡು ಬರಲು ಹೇಳಿದರೆ ಅದು ಕಲಿಕೆಯಾಗುತ್ತದೆ; ತಿಳಿಸದೆ ಬರೆಸಿದರೆ ಪರೀಕ್ಷೆ ಮಾತ್ರ.

ಮೂರನೆಯ ತರಗತಿಯಿಂದ ಮುಂದೆ ಪ್ರಬಂಧ, ಪತ್ರಲೇಖನ ಬರುತ್ತವೆ. ಇಲ್ಲಿಯೇ ದೊಡ್ಡ ಅಪಾಯ ಕಾದಿದೆ. 'ಹಸು ಒಂದು ಸಾಧುಪ್ರಾಣಿ' ಎಂಬ ವಾಕ್ಯವನ್ನು ಬರೆಯದೆ ಪ್ರಾಥಮಿಕ ಶಾಲೆಯನ್ನು ದಾಟಿದವರು ನಮ್ಮಲ್ಲಿ ವಿರಳ. ತನ್ನ ಮನೆಯ ಹಸು ಹಾಯುತ್ತದೆ, ಒದೆಯುತ್ತದೆ, ಹಗ್ಗ ಬಿಚ್ಚಿಕೊಂಡು ಪಕ್ಕದವರ ಹೊಲಕ್ಕೆ ನುಗ್ಗುತ್ತದೆ ಎಂಬುದು ಗೊತ್ತಿರುವ ಹುಡುಗನೂ ಅದನ್ನೇ ಬರೆಯುತ್ತಾನೆ. ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬ ಎರಡು ದಿನ ಬಿಟ್ಟು ಬಂದು, ತನಗೆ ಜ್ವರ ಬಂದಿದ್ದ ಕಾರಣ ರಜ ಕೊಡಬೇಕೆಂದು ಚೀಟಿ ತಂದುಕೊಟ್ಟ. "ಈಗ ಮೈ ಹೇಗಿದೆಯೋ?" ಎಂದು ಕೇಳಿದೆ. "ಜ್ವರ ಬಂದಿರಲಿಲ್ಲ ಸಾರ್, ನಮ್ಮ ಎಮ್ಮೆ ತಪ್ಪಿಸಿಕೊಂಡಿತ್ತು, ಅಪ್ಪನ ಜೊತೆ ಹುಡುಕೋಕೆ ಹೋಗಿದ್ದೆ" ಎಂದ. "ಹಾಗೆಯೇ ಬರೆಯಬಾರದಾಗಿತ್ತೇನೋ?" ಎಂದರೆ, "ಅದು ಬರೆಯೋಕೆ ಬರಲ್ಲ ಸಾರ್, ಜ್ವರದ್ದು ಬರುತ್ತೆ" ಎಂದ. ಹುಡುಗ ಸುಳ್ಳುಗಾರನಲ್ಲ, ಬಾಯಲ್ಲಿ ನಿಜವನ್ನೇ ಹೇಳಿದ. ಎರಡು ಊರು ಸುತ್ತಿ, ಕೆರೆ ಅಂಗಳದಲ್ಲಿ ರಾತ್ರಿ ಲಾಟೀನು ಹಿಡಿದು, ಕೊನೆಗೆ ದೊಡ್ಡಿಯಲ್ಲಿ ಎಮ್ಮೆ ಸಿಕ್ಕಿದ ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ ತರಗತಿಯೆಲ್ಲ ಕಿವಿಗೊಟ್ಟು ಕೇಳಿತು. ನಿಜ ಅವನ ನಾಲಗೆಯ ಮೇಲಿತ್ತು, ಕಾಗದದ ಮೇಲೆ ಸುಳ್ಳು ಮಾತ್ರ ಬರುತ್ತಿತ್ತು. ಮಾದರಿ ಬಾಯಿಪಾಠ ಮಾಡಿಸುವುದರಿಂದ ಆಗುವ ಹಾನಿ ಇದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಬರೆಸುವ ಮೊದಲು ಮಾತನಾಡಿಸಬೇಕು. 'ಮಳೆಗಾಲ' ಎಂಬ ಪ್ರಬಂಧಕ್ಕೆ ಬದಲು 'ನಮ್ಮ ಮನೆ ಸೋರಿದ ದಿನ' ಎಂದು ಕೊಡಬೇಕು. 'ಸಂತೆ' ಎನ್ನುವುದಕ್ಕೆ ಬದಲು 'ಸಂತೆಯಲ್ಲಿ ಅಮ್ಮ ಚೌಕಾಸಿ ಮಾಡಿದ್ದು' ಎಂದು ಕೊಡಬೇಕು. ಪತ್ರವೆಂದರೆ ನಿಜವಾದ ಪತ್ರ. ಅಂಚೆ ಕಾರ್ಡು ತಂದು ಅಜ್ಜಿಗೆ ಬರೆಸಿ ಡಬ್ಬಿಗೆ ಹಾಕಿಸಬೇಕು. ತಂದೆತಾಯಿಗಳೂ ಮನೆಯ ಸಾಮಾನಿನ ಪಟ್ಟಿಯನ್ನು, ಹಾಲಿನ ಲೆಕ್ಕವನ್ನು, ಬಾಗಿಲಿಗೆ ಸಿಕ್ಕಿಸಿಡುವ "ಹೊಲಕ್ಕೆ ಹೋಗಿದ್ದೇವೆ, ಬೀಗದ ಕೈ ಪಕ್ಕದ ಮನೆಯಲ್ಲಿದೆ" ಎಂಬ ಚೀಟಿಯನ್ನು ಮಕ್ಕಳ ಕೈಯಿಂದಲೇ ಬರೆಸಬೇಕು. ಅಕ್ಷರ ಬಾರದ ತಾಯಿ ಕೂಡ, "ಏನು ಬರೆದೆ, ಓದಿ ಹೇಳು ಮಗಾ" ಎಂದು ಕೇಳಬಹುದು. ಈಗ ಎಷ್ಟೋ ಮನೆಗಳಲ್ಲಿ ಮೊಬೈಲ್ ಫೋನಿಗೆ ಬಾಯಿಮಾತಿನಲ್ಲಿ ಹೇಳಿದರೆ ಅದೇ ಅಕ್ಷರವಾಗಿ ಬರುತ್ತದೆ. ಆದರೂ ಹೇಳಬೇಕಾದದ್ದನ್ನು ಮೊದಲು ಯಾವುದು ಆಮೇಲೆ ಯಾವುದು ಎಂದು ಜೋಡಿಸಿಕೊಳ್ಳುವ ಕೆಲಸ ಮನುಷ್ಯನದಾಗಿಯೇ ಉಳಿದಿದೆ. ಅದನ್ನು ಕಲಿಸುವುದು ಬರವಣಿಗೆ.

ತಾಲ್ಲೂಕು ಕಚೇರಿಯ ಮುಂದೆ ಮರದ ನೆರಳಿನಲ್ಲಿ ಅರ್ಜಿ ಬರೆದುಕೊಡುವವರು ಕುಳಿತಿರುತ್ತಾರೆ. ಅವರ ಮುಂದೆ ನಿಂತವರಲ್ಲಿ ಏಳು, ಎಂಟು, ಹತ್ತು ತರಗತಿ ಓದಿದವರೂ ಇರುತ್ತಾರೆ. ತನ್ನ ಜಮೀನು, ತನ್ನ ಬಾವಿ, ತನ್ನ ತಾಯಿಯ ಪಿಂಚಣಿ. ವಿಷಯವೆಲ್ಲ ಅವರಿಗೇ ಗೊತ್ತು, ಅಕ್ಷರವೂ ಗೊತ್ತು. ಗೊತ್ತಿರುವ ವಿಷಯವನ್ನು ಗೊತ್ತಿರುವ ಅಕ್ಷರದಲ್ಲಿ ಇಳಿಸುವ ಧೈರ್ಯವಿಲ್ಲ. ಆ ಧೈರ್ಯವನ್ನು ಪ್ರೌಢಶಾಲೆಯಲ್ಲಿ ತುಂಬುವುದು ಬಹಳ ಕಷ್ಟ. ಆರು ವರ್ಷದ ಮಗುವಿಗೆ "ನಿನ್ನ ಮಾತನ್ನೇ ಬರೆ" ಎಂದು ಹೇಳಿ, ಬರೆದದ್ದನ್ನು ಮನಸ್ಸಿಟ್ಟು ಓದುವ ಉಪಾಧ್ಯಾಯರು ಸಿಕ್ಕಿದರೆ, ಅದು ಅಲ್ಲಿಯೇ, ಅಮ್ಮ ಎಂದು ಬರೆಯುವಾಗಲೇ, ಬಂದಿರುತ್ತದೆ.